ಒಂದೇ ಗಡಿಯಾರ, ನಾಲ್ಕು ಪಲ್ಸ್: ಬೋಧನಾಭ್ಯಾಸದ ಎರಡು ಪಾಠಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ಭೌತವಿಜ್ಞಾನದ ನಿಗದಿತ ಪಾಠಗಳ ಜೊತೆಗೆ ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್‌ನಲ್ಲಿ ಎರಡು ಅವಧಿ ತೆಗೆದುಕೊಳ್ಳುವಂತೆ ಮಾರ್ಗದರ್ಶಕ ಶಿಕ್ಷಕರು ಹೇಳಿದರು. ವಿಷಯವನ್ನು ನಾನೇ ಆರಿಸಿಕೊಂಡೆ: ಒಂದೇ ಸಮಯಕ್ಕೆ ಬರುವ ನಾಲ್ಕು ಪಲ್ಸ್‌ಗಳ ಅಗಲವನ್ನು ಮೈಕ್ರೋಕಂಟ್ರೋಲರ್‌ನಿಂದ ಅಳೆಯುವುದು. ಮೊದಲ ಅವಧಿಯಲ್ಲಿ ಪಾಠ ಸಲೀಸಾಗಿ ನಡೆಯಿತು, ಪರದೆಯ ಮೇಲೆ ಸರಿಯಾದ ಉತ್ತರವೂ ಬಂತು. ಆದರೆ ನಾನು ಮಕ್ಕಳಿಗೆ ಹೇಳಿದ ಒಂದು ಮಾತು ತಪ್ಪಾಗಿತ್ತು. ಎರಡನೇ ಅವಧಿಯನ್ನು ಆ ತಪ್ಪು ತಿದ್ದುವುದಕ್ಕೆ ಬಳಸಿದೆ. ಎರಡೂ ಪಾಠಗಳನ್ನು ನಡೆದಂತೆಯೇ ಇಲ್ಲಿ ಬರೆದಿದ್ದೇನೆ.

ಪೂರ್ವಜ್ಞಾನ ಮತ್ತು ಉದ್ದೇಶ

ಈ ಮಕ್ಕಳು ಆರ್ಡುಯಿನೋ ಊನೋ ಬೋರ್ಡಿಗೆ ಅಲ್ಟ್ರಾಸಾನಿಕ್ ಸೆನ್ಸಾರ್ ಜೋಡಿಸಿ ದೂರ ಅಳೆದಿದ್ದರು. ಸೆನ್ಸಾರ್‌ನ ಎಕೋ ಪಿನ್ ಸೊನ್ನೆ ವೋಲ್ಟಿನಿಂದ 5 ವೋಲ್ಟಿಗೆ ಏರುತ್ತದೆ, ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ, ಮತ್ತೆ ಇಳಿಯುತ್ತದೆ. ಇದೇ ಒಂದು ಪಲ್ಸ್. ಏರಿದ್ದಷ್ಟು ಹೊತ್ತೇ ಅದರ ಅಗಲ. ಪ್ರತಿ ಸೆಂಟಿಮೀಟರ್ ದೂರಕ್ಕೆ ಈ ಅಗಲ ಸುಮಾರು 58 ಮೈಕ್ರೋಸೆಕೆಂಡ್. 1160 ಮೈಕ್ರೋಸೆಕೆಂಡ್ ಬಂದರೆ ವಸ್ತು 20 ಸೆಂಟಿಮೀಟರ್ ದೂರದಲ್ಲಿದೆ ಎಂಬ ಲೆಕ್ಕ ಅವರಿಗೆ ಬಾಯಲ್ಲೇ ಬರುತ್ತಿತ್ತು. ಅಗಲ ಅಳೆಯಲು ಆರ್ಡುಯಿನೋದಲ್ಲಿ ಸಿದ್ಧವಾಗಿರುವ ‘ಪಲ್ಸ್‌ಇನ್’ ಆದೇಶವನ್ನು ಬಳಸಿದ್ದರು.

ಒಂದು ಪಲ್ಸ್ ಅಳೆಯುವುದು ಗೊತ್ತು. ನಾಲ್ಕು ಒಟ್ಟಿಗೆ ಬಂದರೆ? ರಿಮೋಟ್‌ನಿಂದ ಓಡುವ ವಿಮಾನ, ಡ್ರೋನ್‌ಗಳಲ್ಲಿ ಇದು ನಿಜವಾಗಿ ಎದುರಾಗುವ ಪ್ರಶ್ನೆ. ಅಲ್ಲಿ ಪ್ರತಿ ಚಾನೆಲ್‌ಗೂ ಒಂದೊಂದು ಪಲ್ಸ್. ಅಗಲ ಸಾಮಾನ್ಯವಾಗಿ 1000ದಿಂದ 2000 ಮೈಕ್ರೋಸೆಕೆಂಡ್, ಸೆಕೆಂಡಿಗೆ ಸುಮಾರು 50 ಬಾರಿ. ‘ವಿದ್ಯಾರ್ಥಿಯು ನಾಲ್ಕು ಪಲ್ಸ್‌ಗಳ ಅಗಲವನ್ನು ಏಕಕಾಲದಲ್ಲಿ ಅಳೆಯುವನು’ ಎಂದು ಪಾಠಯೋಜನೆಯಲ್ಲಿ ಉದ್ದೇಶ ಬರೆದುಕೊಂಡೆ. ‘ಏಕಕಾಲದಲ್ಲಿ’ ಎಂಬ ಪದವನ್ನು ಬರೆಯುವಾಗ ಅದರ ಅರ್ಥವನ್ನು ನಾನೇ ಸರಿಯಾಗಿ ಯೋಚಿಸಿರಲಿಲ್ಲ.

ಮೊದಲ ಪಾಠ

ಪಲ್ಸ್‌ಗಳನ್ನು ಕೊಡಲು ಇನ್ನೊಂದು ಊನೋ ಬೋರ್ಡನ್ನು ಬಳಸಿದೆ. ಅದನ್ನು ‘ಕೊಡುವ ಬೋರ್ಡ್’ ಎಂದು ಕರೆದೆವು. ಅದರ 8, 9, 10, 11ನೇ ಪಿನ್‌ಗಳು ಒಂದೇ ಕ್ಷಣಕ್ಕೆ ಏರುತ್ತವೆ. 1000, 1250, 1500, 2000 ಮೈಕ್ರೋಸೆಕೆಂಡ್ ಆದ ಮೇಲೆ ಒಂದೊಂದಾಗಿ ಇಳಿಯುತ್ತವೆ. 20 ಮಿಲಿಸೆಕೆಂಡಿಗೊಮ್ಮೆ ಇದೇ ಪುನರಾವರ್ತನೆ. ಈ ನಾಲ್ಕು ಪಿನ್‌ಗಳಿಂದ ‘ಅಳೆಯುವ ಬೋರ್ಡಿನ’ ಅದೇ ಸಂಖ್ಯೆಯ ಪಿನ್‌ಗಳಿಗೆ ತಂತಿ. ಎರಡೂ ಬೋರ್ಡಿನ ಗ್ರೌಂಡ್‌ಗಳನ್ನು ಜೋಡಿಸುವುದು ಮುಖ್ಯ; ಒಂದು ಗುಂಪು ಅದನ್ನು ಮರೆತು ಅರ್ಥವಿಲ್ಲದ ಅಂಕಿಗಳನ್ನು ಪಡೆಯಿತು.

ಅಳೆಯುವ ಪ್ರೋಗ್ರಾಂನಲ್ಲಿ ಪಲ್ಸ್‌ಇನ್ ಆದೇಶವನ್ನು ನಾಲ್ಕು ಪಿನ್‌ಗೂ ಒಂದರ ಕೆಳಗೆ ಒಂದರಂತೆ ಬರೆಸಿದೆ. ಪರದೆಯ ಮೇಲೆ ನಾಲ್ಕು ಅಂಕಿಗಳು ಬಂದವು, ಎಲ್ಲವೂ ನಿರೀಕ್ಷೆಯ ಹತ್ತಿರ. ಮಕ್ಕಳು ಖುಷಿಪಟ್ಟರು, ನಾನೂ ಖುಷಿಪಟ್ಟೆ. ಆಗ ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು:

“ಮಿಸ್, ಈ ನಾಲ್ಕೂ ಒಂದೇ ಹೊತ್ತಿಗೆ ಅಳೆದದ್ದಾ?”

“ಹೌದಮ್ಮ, ಒಂದೇ ಸಲ.”

“ಪ್ರೋಗ್ರಾಂನಲ್ಲಿ ಒಂದಾದ ಮೇಲೆ ಒಂದು ಬರೆದಿದೀವಲ್ಲ ಮಿಸ್?”

ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇದ್ದವು. “ಅದು ಎಷ್ಟು ವೇಗ ಅಂದರೆ ನಮಗೆ ಎಲ್ಲಾ ಒಂದೇ ಸಲ ಆದ ಹಾಗೆ” ಎಂದು ಹೇಳಿ ಮುಂದಕ್ಕೆ ಹೋದೆ. ಅವಳು ಕುಳಿತಳು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಉಪಕರಣ, ಕಪ್ಪುಹಲಗೆಯ ಬಳಕೆ, ತರಗತಿ ನಿರ್ವಹಣೆ ಎಲ್ಲಕ್ಕೂ ಒಳ್ಳೆಯ ಮಾತು ಬರೆದು, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ‘ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತೇ?’

ತಪ್ಪು ಎಲ್ಲಿತ್ತು

ಆ ರಾತ್ರಿ ಕಾಗದದ ಮೇಲೆ ನಾಲ್ಕು ಪಲ್ಸ್‌ಗಳ ಚಿತ್ರ ಬರೆದು ಪ್ರೋಗ್ರಾಂನ ಒಂದೊಂದೇ ಸಾಲು ಹಿಡಿದು ನೋಡಿದೆ. ಪಲ್ಸ್‌ಇನ್ ಒಂದು ಪಿನ್ ಮೇಲೆ ಕಣ್ಣಿಟ್ಟು ಅದು ಏರುವವರೆಗೆ ಕಾಯುತ್ತದೆ, ಇಳಿಯುವವರೆಗೂ ಕಾಯುತ್ತದೆ. ಆ ಹೊತ್ತಿನಲ್ಲಿ ಬೇರೆ ಪಿನ್‌ಗಳಲ್ಲಿ ಏನಾದರೂ ಅದಕ್ಕೆ ಗೊತ್ತಾಗದು. 8ನೇ ಪಿನ್ ಇಳಿದ ಮೇಲೆ 9ನೇ ಪಿನ್ ಕಡೆ ತಿರುಗಿದರೆ ಅದು ಆಗಲೇ ಏರಿ ನಿಂತಿರುತ್ತದೆ. ಅರ್ಧ ಕಳೆದ ಪಲ್ಸನ್ನು ಅಳೆಯಲಾಗದು; ಆದ್ದರಿಂದ ಅದು ಮುಗಿಯುವವರೆಗೆ ಕಾದು, ಮುಂದಿನ ಸುತ್ತಿನ ಪಲ್ಸನ್ನು ಅಳೆಯುತ್ತದೆ. ಹೀಗೆ ನಾಲ್ಕು ಅಂಕಿಗಳು ನಾಲ್ಕು ಬೇರೆ ಸುತ್ತುಗಳಿಂದ ಬಂದವು. ಮೊದಲನೆಯದಕ್ಕೂ ಕೊನೆಯದಕ್ಕೂ 60 ಮಿಲಿಸೆಕೆಂಡ್ ಅಂತರ.

ವೇಗದ ಮಾತೂ ತಪ್ಪೇ. ಊನೋದ ಎಟಿಮೆಗಾ 328ಪಿ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ ನಿಜ. ಆದರೆ 2000 ಮೈಕ್ರೋಸೆಕೆಂಡಿನ ಪಲ್ಸ್ ಮುಗಿಯಲು 2000 ಮೈಕ್ರೋಸೆಕೆಂಡ್ ಬೇಕೇ ಬೇಕು. ಅಷ್ಟರಲ್ಲಿ ಚಿಪ್‌ಗೆ ಸಿಗುವ 32,000 ಬಡಿತಗಳನ್ನೂ ಅದು ಒಂದೇ ಪಿನ್ ನೋಡುತ್ತ ಕಳೆಯುತ್ತದೆ. ಎಷ್ಟು ವೇಗದ ಚಿಪ್ ತಂದರೂ ಈ ಕ್ರಮದಲ್ಲಿ ಅದು ಕಾಯಲೇಬೇಕು.

ಹಾಗಾದರೆ ಉತ್ತರ ಸರಿ ಬಂದದ್ದು ಹೇಗೆ? ನಾನು ಕೊಟ್ಟ ಪಲ್ಸ್‌ಗಳು ಸುತ್ತಿನಿಂದ ಸುತ್ತಿಗೆ ಬದಲಾಗುತ್ತಲೇ ಇರಲಿಲ್ಲ. ಯಾವ ಸುತ್ತಿನಲ್ಲಿ ಅಳೆದರೂ ಅದೇ ಅಂಕಿ. ತಪ್ಪು ಕ್ರಮವೂ ಪಾಸಾಗುವಂಥ ಪರೀಕ್ಷೆಯನ್ನು ನಾನೇ ಇಟ್ಟಿದ್ದೆ. ಹುಡುಗಿ ಅಂಕಿಗಳನ್ನು ನೋಡಿ ಸುಮ್ಮನಾಗದೆ ಪ್ರೋಗ್ರಾಂ ಓದಿದ್ದಳು. ನಾನು ಓದಿರಲಿಲ್ಲ.

ಎರಡನೇ ಪಾಠ: ಮೊದಲು ತಪ್ಪನ್ನು ತೋರಿಸುವುದು

ಮೂರು ದಿನ ಬಿಟ್ಟು ಎರಡನೇ ಅವಧಿ. ಪೀಠಿಕೆಯಲ್ಲೇ ಹೇಳಿದೆ: “ಹೋದ ಸಲ ಇವಳು ಒಂದು ಪ್ರಶ್ನೆ ಕೇಳಿದಳು. ನಾನು ಕೊಟ್ಟ ಉತ್ತರ ತಪ್ಪು. ಇವತ್ತು ಅದನ್ನೇ ಪರೀಕ್ಷೆ ಮಾಡಿ ನೋಡೋಣ.” ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನವರೂ ಮುಂದೆ ಬಂದು ನಿಂತರು.

ಕೊಡುವ ಬೋರ್ಡಿನ ಪ್ರೋಗ್ರಾಂ ಬದಲಿಸಿದ್ದೆ. ಈಗ ಪ್ರತಿ ಸುತ್ತಿನಲ್ಲೂ ನಾಲ್ಕು ಪಿನ್‌ಗಳ ಪಲ್ಸ್ ಒಂದೇ ಅಗಲ. ಆದರೆ ಸುತ್ತಿನಿಂದ ಸುತ್ತಿಗೆ ಆ ಅಗಲ 100 ಮೈಕ್ರೋಸೆಕೆಂಡ್ ಹೆಚ್ಚುತ್ತದೆ. 1000ದಿಂದ 2000ದವರೆಗೆ ಹೋಗಿ ಮತ್ತೆ 1000ಕ್ಕೆ ಬರುತ್ತದೆ. “ನಿಜವಾಗಿ ಒಂದೇ ಹೊತ್ತಿಗೆ ಅಳೆದಿದ್ದರೆ ಪರದೆಯ ಮೇಲೆ ಏನು ಕಾಣಬೇಕು?” ಎಂದು ಕೇಳಿದೆ. “ನಾಲ್ಕೂ ಒಂದೇ ಅಂಕಿ ಮಿಸ್” ಎಂದರು. ಹಳೆಯ ಪ್ರೋಗ್ರಾಂ ಓಡಿಸಿದಾಗ, ಹತ್ತಿರದ ನೂರಕ್ಕೆ ಸರಿಪಡಿಸಿ ಹೇಳುವುದಾದರೆ, ಬಂದದ್ದು 1300, 1400, 1500, 1600. ಮುಂದಿನ ಸಾಲುಗಳಲ್ಲೂ ಅದೇ ಮೆಟ್ಟಿಲು. ಒಂದು ಸಾಲಿನಲ್ಲಿ 1900, 2000, 1000, 1100 ಎಂದೂ ಬಂತು. ವಿವರಿಸುವ ಕೆಲಸ ನನಗೆ ಉಳಿಯಲಿಲ್ಲ. “ಒಂದೊಂದು ಒಂದೊಂದು ಸುತ್ತಿಂದು” ಎಂದು ಮಕ್ಕಳೇ ಹೇಳಿದರು.

ಚಟುವಟಿಕೆ: ಗೋಡೆ ಗಡಿಯಾರ ಮತ್ತು ಲೆಕ್ಕಿಗ

ಈಗ ಪರಿಹಾರ. “ನಾಲ್ಕು ಪಲ್ಸ್‌ಗೆ ನಾಲ್ಕು ಸ್ಟಾಪ್‌ವಾಚ್ ಬೇಕು” ಎಂಬುದು ಹೆಚ್ಚಿನವರ ಉತ್ತರ. ಅದನ್ನು ತಪ್ಪೆನ್ನದೆ ಚಟುವಟಿಕೆಗೆ ಕರೆದೆ. ನಾಲ್ವರು ಮಕ್ಕಳು ಕುರ್ಚಿಯಲ್ಲಿ ಕುಳಿತರು. ಒಟ್ಟಿಗೆ ಎದ್ದು, ಚೀಟಿಯಲ್ಲಿ ಬರೆದಷ್ಟು ಸೆಕೆಂಡ್ ನಿಂತು, ಕುಳಿತುಕೊಳ್ಳಬೇಕು. ಐದನೆಯವನು ಲೆಕ್ಕಿಗ. ಅವನ ಕೈಯಲ್ಲಿ ಒಂದು ಪುಸ್ತಕ. ಎದುರಿಗೆ ಸೆಕೆಂಡು ಮುಳ್ಳಿರುವ ಗೋಡೆ ಗಡಿಯಾರ. ಗಡಿಯಾರವನ್ನು ಯಾರೂ ನಿಲ್ಲಿಸುವಂತಿಲ್ಲ, ಸೊನ್ನೆಗೆ ತರುವಂತಿಲ್ಲ.

ಲೆಕ್ಕಿಗನಿಗೆ ನಿಯಮಗಳು ಇಷ್ಟೇ:

1. ಯಾರೇ ಎದ್ದರೂ ಕುಳಿತರೂ ಒಬ್ಬಳು ಚಪ್ಪಾಳೆ ತಟ್ಟುತ್ತಾಳೆ. ಚಪ್ಪಾಳೆ ಕೇಳಿದ ತಕ್ಷಣ ಮೊದಲು ಗಡಿಯಾರ ನೋಡು.

2. ಆಮೇಲೆ ಸಾಲನ್ನು ನೋಡು. ಹಿಂದಿನ ಸಲ ನೋಡಿದಾಗ ಇದ್ದದ್ದಕ್ಕೂ ಈಗ ಇರುವುದಕ್ಕೂ ಯಾರಲ್ಲಿ ವ್ಯತ್ಯಾಸ ಇದೆಯೋ ಅವರೇ ಬದಲಾದವರು.

3. ಎದ್ದಿದ್ದರೆ ಅವರ ಹೆಸರಿನ ಮುಂದೆ ಸಮಯ ಬರೆ.

4. ಕುಳಿತಿದ್ದರೆ ಈಗಿನ ಸಮಯದಿಂದ ಎದ್ದ ಸಮಯ ಕಳೆ. ಉತ್ತರವೇ ಅವರು ನಿಂತಿದ್ದ ಹೊತ್ತು.

5. ನಾಲ್ವರೂ ಕುಳಿತ ಮೇಲೆ ಮಾತ್ರ ಆ ಪುಟವನ್ನು ಹರಿದು ಮೇಜಿಗೆ ಕೊಡು.

ಹತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು ಸೆಕೆಂಡ್ ಚೀಟಿಗಳಿಗೆ ಲೆಕ್ಕಿಗನ ಉತ್ತರ ಒಂದೆರಡು ಸೆಕೆಂಡಿನ ವ್ಯತ್ಯಾಸದಲ್ಲಿ ಸರಿಯಾಗಿ ಬಂತು. ಒಂದೇ ಗಡಿಯಾರ ಸಾಕು ಎಂಬುದು ಮಕ್ಕಳಿಗೆ ತಾವೇ ಮಾಡಿ ತಿಳಿಯಿತು. ಸ್ಟಾಪ್‌ವಾಚ್ ಒಬ್ಬರಿಗಾಗಿ ಓಡುತ್ತದೆ; ಗೋಡೆ ಗಡಿಯಾರ ಯಾರಿಗಾಗಿಯೂ ನಿಲ್ಲದೆ ಓಡುವುದರಿಂದಲೇ ಎಲ್ಲರಿಗೂ ಆಗುತ್ತದೆ.

ಚಟುವಟಿಕೆಯಿಂದ ಚಿಪ್‌ಗೆ

ಕಪ್ಪುಹಲಗೆಯಲ್ಲಿ ಎರಡು ಕಾಲಂ ಹಾಕಿದೆ. ಗೋಡೆ ಗಡಿಯಾರದ ಎದುರಿಗೆ ಟೈಮರ್ 1. ಇದು ಚಿಪ್‌ನೊಳಗಿನ 16 ಬಿಟ್‌ಗಳ ಎಣಿಕೆಗಾರ. 16 ಮೆಗಾಹರ್ಟ್ಸ್ ಬಡಿತವನ್ನು 8ರಿಂದ ಭಾಗಿಸಿ ಕೊಟ್ಟರೆ ಅದು 0.5 ಮೈಕ್ರೋಸೆಕೆಂಡಿಗೆ ಒಂದು ಎಣಿಕೆ ಮಾಡುತ್ತದೆ. ಚಪ್ಪಾಳೆಯ ಎದುರಿಗೆ ಪಿನ್ ಬದಲಾವಣೆಯ ಇಂಟರಪ್ಟ್: ಚಿಪ್ ಮಾಡುತ್ತಿರುವ ಕೆಲಸ ಬಿಟ್ಟು ಈ ಕೆಲಸಕ್ಕೆ ಬಾ ಎನ್ನುವ ಕರೆ. ಊನೋದಲ್ಲಿ 8ರಿಂದ 13ರವರೆಗಿನ ಪಿನ್‌ಗಳಿಗೆಲ್ಲ ಸೇರಿ ಇಂಥ ಕರೆ ಒಂದೇ. ‘ಯಾರೋ ಬದಲಾದರು’ ಎಂದು ಮಾತ್ರ ಅದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಎರಡನೇ ನಿಯಮ ಯಾಕೆ ಬೇಕಿತ್ತು ಎಂಬುದು ಮಕ್ಕಳಿಗೆ ಇಲ್ಲಿ ಹೊಳೆಯಿತು. ಲೆಕ್ಕಿಗನ ಐದು ನಿಯಮಗಳೇ ಇಂಟರಪ್ಟ್ ಬಂದಾಗ ಓಡುವ ಪ್ರೋಗ್ರಾಂ. ಅದೇ ಕ್ರಮದಲ್ಲಿ ಬರೆದೆವು. ಎಲ್ಲಕ್ಕಿಂತ ಮೊದಲು ಟೈಮರ್ ಓದಬೇಕು. ಇಲ್ಲದಿದ್ದರೆ ಯಾರು ಬದಲಾದರು ಎಂದು ಹುಡುಕುವ ಹೊತ್ತೂ ಅಳತೆಯೊಳಗೆ ಸೇರಿಬಿಡುತ್ತದೆ.

ರಿಜಿಸ್ಟರ್‌ಗಳನ್ನು ಸಿದ್ಧಪಡಿಸುವ ಸಾಲುಗಳನ್ನು ನಾನೇ ಬರೆದು ಕೊಟ್ಟೆ. ಒಂಬತ್ತನೇ ತರಗತಿಗೆ ಅದು ಈ ಪಾಠದ ಕಲಿಕಾಂಶವಲ್ಲ. ಪಾಠ ಮಾಡುವವರು ಮಾತ್ರ ಎಚ್ಚರ ವಹಿಸಬೇಕು. ಆರ್ಡುಯಿನೋ ತಾನಾಗಿಯೇ ಟೈಮರ್ 1 ಅನ್ನು ಪಿಡಬ್ಲ್ಯೂಎಂ ಕೆಲಸಕ್ಕೆ ಹೊಂದಿಸಿಟ್ಟಿರುತ್ತದೆ. ಆಗ ಎಣಿಕೆ 255ರವರೆಗೆ ಏರಿ ಮತ್ತೆ ಇಳಿಯುತ್ತದೆ. ಟಿಸಿಸಿಆರ್1ಎ ರಿಜಿಸ್ಟರ್‌ಗೆ ಸೊನ್ನೆ ಹಾಕಿ ಆಮೇಲೆ ಭಾಗಿಸುವ ಅಂಕಿ ಕೊಟ್ಟರೆ ಮಾತ್ರ ಎಣಿಕೆ 65,535ರವರೆಗೆ ನೇರವಾಗಿ ಹೋಗುತ್ತದೆ. ಮನೆಯಲ್ಲಿ ತಯಾರಿ ಮಾಡುವಾಗ ನನ್ನ ಒಂದು ಸಂಜೆ ಇದರಲ್ಲೇ ಹೋಯಿತು.

ಟೈಮರ್ 1ಕ್ಕೆ ಪಲ್ಸ್ ಬದಲಾದ ಕ್ಷಣವನ್ನು ಹಾರ್ಡ್‌ವೇರ್‌ನಲ್ಲೇ ಹಿಡಿದಿಡುವ ‘ಇನ್‌ಪುಟ್ ಕ್ಯಾಪ್ಚರ್’ ಎಂಬ ಸೌಲಭ್ಯವೂ ಇದೆ, ಆದರೆ ಅದು 8ನೇ ಪಿನ್ ಒಂದಕ್ಕೆ ಮಾತ್ರ. ಎಸ್‌ಟಿಎಂ32 ಸಾಲಿನ ಹಲವು ಚಿಪ್‌ಗಳಲ್ಲಿ ಒಂದೇ ಟೈಮರ್‌ಗೆ ಇಂಥ ನಾಲ್ಕು ಚಾನೆಲ್‌ಗಳಿರುತ್ತವೆ. ಅಲ್ಲಿಯೂ ತತ್ವ ಇದೇ: ಗಡಿಯಾರ ಒಂದು, ಬರೆದಿಡುವ ಜಾಗ ನಾಲ್ಕು.

ಹನ್ನೊಂದರಿಂದ ಎರಡರವರೆಗೆ

ಒಬ್ಬ ಹುಡುಗ ಕೇಳಿದ: “ಮಿಸ್, 65,535 ಆದ ಮೇಲೆ ಸೊನ್ನೆಗೆ ಬರುತ್ತಲ್ಲ. ಪಲ್ಸ್ ಮಧ್ಯದಲ್ಲೇ ಹಾಗಾದರೆ ಕಳೆಯೋದು ಹೇಗೆ?” ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ಗೋಡೆ ಗಡಿಯಾರವನ್ನೇ ತೋರಿಸಿ, “ಬೆಳಿಗ್ಗೆ ಹನ್ನೊಂದಕ್ಕೆ ಹೊಲಕ್ಕೆ ಹೋದವರು ಮಧ್ಯಾಹ್ನ ಎರಡಕ್ಕೆ ಬಂದರು. ಎಷ್ಟು ಗಂಟೆ?” ಎಂದೆ. ಎಲ್ಲರೂ “ಮೂರು” ಎಂದರು. “2ರಿಂದ 11 ಕಳೆದರೆ?” “ಋಣ 9.” “ಮತ್ತೆ ಮೂರು ಹೇಗೆ ಬಂತು?” ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು “12 ಕೂಡಿಸಿದರೆ ಬರುತ್ತೆ” ಎಂದಳು.

ಟೈಮರ್‌ನಲ್ಲಿ 12ರ ಬದಲು 65,536. ಪಲ್ಸ್ ಏರಿದಾಗ ಎಣಿಕೆ 65,000, ಇಳಿದಾಗ 1,964 ಎಂದಿಟ್ಟುಕೊಳ್ಳೋಣ. ಕಳೆದರೆ ಋಣ 63,036. ಅದಕ್ಕೆ 65,536 ಕೂಡಿಸಿದರೆ 2,500 ಎಣಿಕೆ, ಅಂದರೆ 1250 ಮೈಕ್ರೋಸೆಕೆಂಡ್. ಋಣ ಚಿಹ್ನೆಯಿಲ್ಲದ 16 ಬಿಟ್‌ಗಳ ಸಂಖ್ಯೆಯಾಗಿ ಉತ್ತರವನ್ನು ಇಟ್ಟುಕೊಂಡರೆ ಈ ಕೂಡಿಸುವ ಕೆಲಸ ತಾನಾಗಿಯೇ ಆಗುತ್ತದೆ.

ಅದೇ ಹುಡುಗ ಬಿಡಲಿಲ್ಲ: “ಅವರು ರಾತ್ರಿ ಎರಡಕ್ಕೆ ಬಂದಿದ್ದರೆ?” ತರಗತಿ ನಕ್ಕಿತು, ಆದರೆ ಈ ವಿಧಾನದ ಮಿತಿ ಇರುವುದೇ ಅಲ್ಲಿ. ಗಡಿಯಾರದ ಮುಖ ನೋಡಿದರೆ 3 ಗಂಟೆಗೂ 15 ಗಂಟೆಗೂ ವ್ಯತ್ಯಾಸ ತಿಳಿಯದು. ನಮ್ಮ ಟೈಮರ್ 32.768 ಮಿಲಿಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ. ಅದಕ್ಕಿಂತ ಕಡಿಮೆ ಅಗಲದ ಪಲ್ಸ್‌ಗೆ ಮಾತ್ರ ಈ ಲೆಕ್ಕ ನಡೆಯುತ್ತದೆ. ರಿಮೋಟ್‌ನ 2 ಮಿಲಿಸೆಕೆಂಡಿಗೆ ತೊಂದರೆಯಿಲ್ಲ. ಆದರೆ ಹಲವು ಅಲ್ಟ್ರಾಸಾನಿಕ್ ಸೆನ್ಸಾರ್‌ಗಳು ಎದುರಿಗೆ ಏನೂ ಇಲ್ಲದಾಗ ಸುಮಾರು 38 ಮಿಲಿಸೆಕೆಂಡಿನ ಪಲ್ಸ್ ಕೊಡುತ್ತವೆ. ನಮ್ಮ ಲೆಕ್ಕದಲ್ಲಿ ಅದು 5.232 ಮಿಲಿಸೆಕೆಂಡ್ ಆಗಿ ಕಾಣುತ್ತದೆ. 58ರಿಂದ ಭಾಗಿಸಿದರೆ ಸುಮಾರು 90 ಸೆಂಟಿಮೀಟರ್! ಇಲ್ಲದ ವಸ್ತು ಎದುರಿಗೆ ಇದ್ದಂತಾಗುತ್ತದೆ. ಇದನ್ನು ಮನೆಗೆಲಸದ ಲೆಕ್ಕವಾಗಿ ಕೊಟ್ಟೆ.

ಪುಟ ಹರಿದು ಕೊಡುವ ನಿಯಮ

ಐದನೇ ನಿಯಮವನ್ನು ಹಾರಿಸಿದರೆ ಎರಡು ತೊಂದರೆ. ಒಂದು, ಇಬ್ಬರು ಕುಳಿತು ಇಬ್ಬರು ನಿಂತಿರುವಾಗಲೇ ಪುಸ್ತಕ ನೋಡಿದರೆ ಎರಡು ಅಂಕಿ ಈ ಸುತ್ತಿನವು, ಎರಡು ಹಿಂದಿನ ಸುತ್ತಿನವು. ಪಲ್ಸ್‌ಇನ್‌ನ ತಪ್ಪೇ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ಎರಡು, ಈ ಚಿಪ್ 16 ಬಿಟ್‌ಗಳ ಸಂಖ್ಯೆಯನ್ನು 8 ಬಿಟ್‌ಗಳ ಎರಡು ತುಂಡಾಗಿ ಓದುತ್ತದೆ. ಹಲಗೆಯ ಮೇಲೆ 1999 ಎಂದು ಬರೆದೆ. ಒಬ್ಬಳು ‘19’ ಎಂದು ನಕಲು ಮಾಡುವಷ್ಟರಲ್ಲಿ ಅಳಿಸಿ 2000 ಎಂದು ಬರೆದೆ. ಅವಳು ಉಳಿದ ಎರಡು ಅಂಕಿ ನೋಡಿ ‘00’ ಬರೆದಳು. ಅವಳ ಪುಸ್ತಕದಲ್ಲಿ 1900. ಹಲಗೆಯ ಮೇಲೆ ಎಂದೂ ಇರದ ಸಂಖ್ಯೆ! ಆದ್ದರಿಂದ ನಾಲ್ಕೂ ಪಿನ್ ಇಳಿದಾಗ ಅಂಕಿಗಳನ್ನು ಬೇರೆ ಜಾಗಕ್ಕೆ ಹಾಕಬೇಕು. ಮುಖ್ಯ ಪ್ರೋಗ್ರಾಂ ಅಲ್ಲಿಂದ ನಕಲು ಮಾಡುವ ಕೆಲವು ಕ್ಷಣ ಇಂಟರಪ್ಟ್ ತಡೆಹಿಡಿಯಬೇಕು.

ಫಲಿತಾಂಶ ಮತ್ತು ಮೌಲ್ಯಮಾಪನ

ಹೊಸ ಪ್ರೋಗ್ರಾಂ ಓಡಿಸಿದೆವು. ಮೆಟ್ಟಿಲು ಮಾಯವಾಗಿ ಪ್ರತಿ ಸಾಲಿನಲ್ಲೂ ನಾಲ್ಕು ಅಂಕಿಗಳು ಒಂದೇ ಆದವು. ಮೊದಲ ದಿನದ 1000, 1250, 1500, 2000 ಕೂಡ ಸರಿಯಾಗಿ ಬಂದವು. 2000 ಇರಬೇಕಾದಲ್ಲಿ ಆಗಾಗ 1996, 1998 ಕಂಡದ್ದನ್ನು ಮಕ್ಕಳು ಗಮನಿಸಿದರು. ಇದಕ್ಕೆ ಕಾರಣಗಳನ್ನು ಚರ್ಚಿಸಿದೆವು. ಎರಡು ಬೋರ್ಡುಗಳ ಗಡಿಯಾರಗಳು ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುತ್ತವೆ. ಇಂಟರಪ್ಟ್ ಬಂದಾಗ ಚಿಪ್ ಬೇರೊಂದು ಇಂಟರಪ್ಟ್ ಕೆಲಸದಲ್ಲಿದ್ದರೆ ಕೆಲವು ಮೈಕ್ರೋಸೆಕೆಂಡ್ ತಡವಾಗುತ್ತದೆ. ಎರಡು ಪಿನ್‌ಗಳು ತೀರ ಹತ್ತಿರ ಹತ್ತಿರ ಬದಲಾದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಚಟುವಟಿಕೆಯ ಲೆಕ್ಕಿಗನೂ ಒಂದೆರಡು ಸೆಕೆಂಡ್ ತಡಮಾಡಿದ್ದನ್ನು ಅವರೇ ನೆನಪಿಸಿದರು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ‘ಮೊದಲ ದಿನ ತಪ್ಪು ವಿಧಾನದಿಂದಲೂ ಸರಿ ಉತ್ತರ ಬಂದದ್ದು ಯಾಕೆ?’ ಹೆಚ್ಚಿನವರು ‘ಪಲ್ಸ್ ಬದಲಾಗುತ್ತಿರಲಿಲ್ಲ’ ಎಂದು ಬರೆದರು. ಕೆಲವರು ‘ಆ ದಿನ ಅದೃಷ್ಟ’ ಎಂದು ಬರೆದಿದ್ದರು. ಅವರಿಗೆ ಮೆಟ್ಟಿಲಿನ ಅಂಕಿಗಳನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಪ್ರಶ್ನೆ ಕೇಳಿದ್ದ ಹುಡುಗಿಯ ಉತ್ತರ ಎರಡೇ ಸಾಲು: ‘ಎಲ್ಲಾ ಸುತ್ತೂ ಒಂದೇ ತರ ಇತ್ತು. ಅದಕ್ಕೆ ಯಾವ ಸುತ್ತು ಅಂತ ಗೊತ್ತಾಗಲಿಲ್ಲ.’ ನಾನು ಒಂದು ರಾತ್ರಿ ಕುಳಿತು ಕಂಡುಕೊಂಡದ್ದು ಅಷ್ಟೇ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ತೆಗೆದುಕೊಳ್ಳುವವರಿಗೆ ರಿಜಿಸ್ಟರ್‌ಗಳ ಭಯ ಬೇಡ. ಟೈಮರ್ 1ರ ಬದಲು ಆರ್ಡುಯಿನೋದ ‘ಮೈಕ್ರೋಸ್’ ಆದೇಶದಿಂದ ಸಮಯ ಓದಿದರೂ ಪಾಠ ನಡೆಯುತ್ತದೆ. ಊನೋದಲ್ಲಿ ಅದು 4 ಮೈಕ್ರೋಸೆಕೆಂಡಿನ ಹೆಜ್ಜೆಗಳಲ್ಲಿ ಸಾಗುತ್ತದೆ, ಶಾಲೆಯ ಅಳತೆಗೆ ಅಷ್ಟು ಸಾಕು. ಚಟುವಟಿಕೆಯನ್ನು ಮಾತ್ರ ಬಿಡಬೇಡಿ. ಲೆಕ್ಕಿಗನ ನಿಯಮಗಳು ಬಾಯಿಗೆ ಬಂದರೆ ಪ್ರೋಗ್ರಾಂ ತಾನಾಗಿ ಬರುತ್ತದೆ. ಎರಡನ್ನೂ 40 ನಿಮಿಷಕ್ಕೆ ತುರುಕುವುದು ಕಷ್ಟ. ನನ್ನ ಅವಧಿ ಊಟದ ಬಿಡುವಿನೊಳಗೂ ಸ್ವಲ್ಪ ಹರಿಯಿತು.

ನನ್ನ ಪಾಠಯೋಜನೆಯ ನಮೂನೆಯಲ್ಲಿ ‘ಮೌಲ್ಯಮಾಪನ’ ಎಂಬ ಕಾಲಂ ಇದೆ. ಅಲ್ಲಿ ಸರಿ ಉತ್ತರ ಏನೆಂದು ಬರೆದುಕೊಳ್ಳುತ್ತಿದ್ದೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆದುಕೊಳ್ಳುತ್ತೇನೆ: ತಪ್ಪಾಗಿ ತಿಳಿದುಕೊಂಡ ಮಗುವಿಗೂ ಇದೇ ಉತ್ತರ ಬರಬಹುದೇ? ಬರಬಹುದಾದರೆ ಪ್ರಶ್ನೆಯನ್ನು ಬದಲಿಸುತ್ತೇನೆ. ವೀಕ್ಷಣಾ ಪುಸ್ತಕದ ಆ ಸಾಲಿನ ಕೆಳಗೆ, ಎರಡನೇ ಪಾಠ ಮುಗಿದ ದಿನ, ‘ಸಿಕ್ಕಿತು’ ಎಂದು ಬರೆದು ಸಹಿ ಹಾಕಿದೆ.